ಅರ್ಧಕ್ಕೆ ನಿಲ್ಲುವ ಅಪ್‌ಡೇಟ್, ಅವಸರದ ಫಾರ್ಮ್ಯಾಟ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಜೆರಾಕ್ಸ್ ಹಾಗೂ ಡಿಟಿಪಿ ಅಂಗಡಿಗಳಲ್ಲಿ, ಗ್ರಾಮ ಒನ್ ಕೇಂದ್ರಗಳಲ್ಲಿ, ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಓದಿದವರ ಮನೆಗಳಲ್ಲಿ ಇಂದಿಗೂ ದುಡಿಯುತ್ತಿರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 10 ಇರುವಂಥವು ಅಪರೂಪವಲ್ಲ. 2015ರ ಜುಲೈ 29ರಂದು ಬಿಡುಗಡೆಯಾದ ಈ ಆಪರೇಟಿಂಗ್ ಸಿಸ್ಟಮ್‌ಗೆ, ಅಂದರೆ ಯಂತ್ರದ ಬಿಡಿಭಾಗಗಳನ್ನೂ ಅದರಲ್ಲಿ ಓಡುವ ತಂತ್ರಾಂಶಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ, ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಅಪ್‌ಡೇಟ್ ಅರ್ಧಕ್ಕೆ ನಿಂತು, ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲಾಗುತ್ತಿದೆ ಎಂಬ ಸೂಚನೆ ತೋರಿಸಿ, ಮರುದಿನ ಮತ್ತೆ ಅದೇ ಕೆಲಸಕ್ಕೆ ಕೈಹಾಕುವ ಕಾಟ ಆ ಗಡುವಿಗಿಂತ ಬಹಳ ಹಳೆಯದು. ಅದಕ್ಕೆ ಯಂತ್ರದ ವಯಸ್ಸೊಂದೇ ಕಾರಣವೆಂದು ತಿಳಿಯುವುದು ಅಷ್ಟು ಸರಿಯಲ್ಲ.

ಮೊದಲು ನೋಡಬೇಕಾದದ್ದು ಸೋಲಿನ ಜೊತೆಗೆ ಪರದೆಯ ಮೇಲೆ ಬರುವ ಸಂಖ್ಯೆಯನ್ನು. ಅದು 80070070 ಎಂದು ಮುಗಿದರೆ ಸಿ ಡ್ರೈವ್‌ನಲ್ಲಿ ಜಾಗವಿಲ್ಲವೆಂದು ಅರ್ಥ. ದೊಡ್ಡ ಅಪ್‌ಡೇಟ್‌ಗೆ ಹತ್ತಿಪ್ಪತ್ತು ಜಿಬಿ ಖಾಲಿ ಜಾಗ ಬೇಕಾಗುವುದರಿಂದ, 32 ಜಿಬಿ ಸಂಗ್ರಹದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಈ ತೊಂದರೆ ಬಹುತೇಕ ಹುಟ್ಟುಗುಣ. 80070643 ಎಂಬ ಸಂಖ್ಯೆಯ ಕಥೆ ಬೇರೆ: 2024ರ ಜನವರಿಯ ಒಂದು ಭದ್ರತಾ ಅಪ್‌ಡೇಟ್, ಯಂತ್ರ ಕೆಟ್ಟಾಗ ಅದನ್ನು ಎಬ್ಬಿಸಲೆಂದು ಡಿಸ್ಕ್‌ನಲ್ಲಿ ಪ್ರತ್ಯೇಕವಾಗಿಟ್ಟಿರುವ ರಿಕವರಿ ಭಾಗದಲ್ಲಿ 250 ಎಂಬಿ ಖಾಲಿ ಜಾಗ ಕೇಳಿದ್ದರಿಂದ, ಆ ಭಾಗ ಚಿಕ್ಕದಾಗಿದ್ದ ಎಷ್ಟೋ ಯಂತ್ರಗಳಲ್ಲಿ ಇದೇ ಸಂಖ್ಯೆ ಕಾಣಿಸಿಕೊಂಡಿತು. ಸಿ ಡ್ರೈವ್‌ನಲ್ಲಿ ನೂರು ಜಿಬಿ ಖಾಲಿ ಇದ್ದರೂ ಅದು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ತಪ್ಪು ಬಳಕೆದಾರರದಲ್ಲ, ಅಪ್‌ಡೇಟ್ ರೂಪಿಸಿದವರದು.

ಕೆಲವು ಕಾರಣಗಳು ಇನ್ನೂ ಸಣ್ಣವು. ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್ ಸತ್ತಾಗ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಅಪ್‌ಡೇಟ್ ಕಳುಹಿಸುವ ಸರ್ವರ್ ನಿಜವಾದದ್ದೇ ಎಂದು ಖಾತ್ರಿಪಡಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುವುದರಿಂದ, ತಪ್ಪು ದಿನಾಂಕದ ಯಂತ್ರ ಆ ಸಂಪರ್ಕವನ್ನೇ ನಿರಾಕರಿಸುತ್ತದೆ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗಳಂತೆ ಮೊಬೈಲ್ ಹಾಟ್‌ಸ್ಪಾಟ್ ನಂಬಿರುವ ಕಡೆ ಡೇಟಾ ಉಳಿಸಲು ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದ್ದರೆ ವಿಂಡೋಸ್ ದೊಡ್ಡ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳದೆ ಕಾಯುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಸಿಸ್ಟಮ್‌ನ ಕಡತಗಳೇ ಕೆಡಬಹುದಾದ್ದರಿಂದ, ಈ ಕೆಲಸ ಯುಪಿಎಸ್ ಇರುವ ಕಡೆ ಮಾಡುವುದು ಲೇಸು. ಅಪ್‌ಡೇಟ್ ಸೇವೆಯನ್ನೇ ಕಿತ್ತುಹಾಕಿದ 'ಲೈಟ್' ವಿಂಡೋಸ್ ಪ್ರತಿ ಹಾಕಿದ್ದರಂತೂ ಯಾವ ದುರಸ್ತಿಯೂ ಫಲ ಕೊಡದು.

ಇವು ಯಾವುವೂ ಅಲ್ಲವಾದರೆ, ಅಪ್‌ಡೇಟ್ ಸೇವೆಯನ್ನು ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನೊಳಗಿನ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರ್‌ನ ಹೆಸರು ಬದಲಿಸಿ, ಸೇವೆಯನ್ನು ಮತ್ತೆ ಆರಂಭಿಸಿದರೆ, ಕೆಟ್ಟು ಕುಳಿತ ಅರೆಬರೆ ಕಡತಗಳನ್ನು ಬಿಟ್ಟು ಎಲ್ಲವೂ ಹೊಸದಾಗಿ ಇಳಿಯುತ್ತವೆ. ಅದಕ್ಕೂ ಬಗ್ಗದಿದ್ದಾಗ ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಎಂಬ, ವಿಂಡೋಸ್‌ನೊಳಗೇ ಇರುವ ದುರಸ್ತಿ ಆದೇಶಗಳನ್ನು ಅದೇ ಕ್ರಮದಲ್ಲಿ ಓಡಿಸಬೇಕು.

ಅಂಗಡಿಗಳಲ್ಲಿ ಇಷ್ಟು ತಾಳ್ಮೆ ಸಿಗುವುದು ಕಡಿಮೆ. ಅಲ್ಲಿ ಮೊದಲ ಮದ್ದೇ ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಹಾಕುವುದು. ಕನ್ನಡ ಬಳಕೆದಾರರಿಗೆ ಇದರಲ್ಲೊಂದು ವಿಶೇಷ ನಷ್ಟವುಂಟು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲಿಯೋ ಬರಹದಲ್ಲಿಯೋ ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಂಡಿದ್ದರೂ, ಆ ಫಾಂಟ್‌ಗಳನ್ನು ಮರಳಿ ಹಾಕುವವರೆಗೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಕಡತಗಳ ಜೊತೆ ಫಾಂಟ್‌ಗಳನ್ನೂ ತೆಗೆದಿಡದ ಬ್ಯಾಕಪ್ ಅರ್ಧ ಬ್ಯಾಕಪ್ ಮಾತ್ರ.

ವಿಂಡೋಸ್ 11ಕ್ಕೆ ಏರುವ ದಾರಿ ಹಲವು ಯಂತ್ರಗಳಿಗೆ ಮುಚ್ಚಿದೆ. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಜೊತೆಗೆ, ಗುಪ್ತಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ, ಬೆರಳೆಣಿಕೆಯ ಅಪವಾದ ಬಿಟ್ಟು, 2017ರ ಉತ್ತರಾರ್ಧದಿಂದ ಬಂದ ಎಂಟನೆಯ ತಲೆಮಾರಿನದ್ದೋ ಅನಂತರದ್ದೋ ಆಗಿರಬೇಕು. ಈ ನಿಯಮವನ್ನು ತಪ್ಪಿಸುವ ಉಪಾಯಗಳು ಚಾಲ್ತಿಯಲ್ಲಿದ್ದರೂ, ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳ ಭರವಸೆಯನ್ನು ಕಂಪನಿ ಕೊಡುವುದಿಲ್ಲವಾದ್ದರಿಂದ, ಅಪ್‌ಡೇಟ್‌ನ ಕಾಟಕ್ಕೆ ಅದು ಪರಿಹಾರವೆನಿಸದು. ವಿಂಡೋಸ್ 10ರಲ್ಲೇ ಉಳಿಯುವವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ವಿಸ್ತರಿತ ಯೋಜನೆಯನ್ನು ಕಂಪನಿ ಪ್ರಕಟಿಸಿತು; ಯಂತ್ರದಲ್ಲಿ ಕೊನೆಯ ಆವೃತ್ತಿಯಾದ 22ಎಚ್2 ಇದ್ದು, ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಲು ಒಪ್ಪಿದರೆ ಅದಕ್ಕೆ ಹಣ ಕೊಡಬೇಕಿಲ್ಲ.

ಉಳಿದ ದಾರಿ ಲಿನಕ್ಸ್. ಅದರದೇ ಒಂದು ರೂಪವಾದ ಉಬುಂಟುವಿನ, 2024ರ ಏಪ್ರಿಲ್‌ನಲ್ಲಿ ಬಂದ 24.04 ಆವೃತ್ತಿಗೆ ಐದು ವರ್ಷ ಉಚಿತ ಅಪ್‌ಡೇಟ್‌ಗಳಿವೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಧ್ವನಿ, ಪ್ರಿಂಟರ್ ಎಲ್ಲವೂ ಸರಿಯಾಗಿವೆಯೇ ಎಂದು ಡಿಸ್ಕ್ ಮುಟ್ಟದೆ ಪರೀಕ್ಷಿಸಬಹುದು. ನುಡಿ ತಂತ್ರಾಂಶ ವಿಂಡೋಸ್‌ಗೆಂದು ಮಾಡಿದ್ದಾದರೂ, ಅದರ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇರುವುದರಿಂದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ. ಓದುವ ಮಕ್ಕಳ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಅಗ್ಗದ ಏರ್ಪಾಡು ಬೇರೊಂದಿಲ್ಲ. ಆಧಾರ್ ದೃಢೀಕರಣದ ಬೆರಳಚ್ಚು ಯಂತ್ರವನ್ನು ನಂಬಿದ ಸೇವಾ ಕೇಂದ್ರದವರು ಮಾತ್ರ, ಆ ಯಂತ್ರದ ಡ್ರೈವರ್ ಲಿನಕ್ಸ್‌ಗೆ ಇದೆಯೇ ಎಂದು ಅದರ ತಯಾರಕರಿಂದ ತಿಳಿದುಕೊಳ್ಳದೆ ಹಳೆಯ ವಿಂಡೋಸ್ ಅನ್ನು ತೆಗೆಯಬಾರದು.