ಚೋಮನ ಮುಖದಲ್ಲಿ ಇನ್ನೊಂದು ಹಸಿವು

ಮೃಣಾಲ್ ಸೇನರ ತೆಲುಗು ಚಿತ್ರ ‘ಒಕ ಊರಿ ಕಥ’ವನ್ನು (1977) ಮೊನ್ನೆ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ ನೋಡಿದೆ. ಮುದುಕ ವೆಂಕಯ್ಯನ ಮುಖ ತೆರೆಯ ಮೇಲೆ ಬಂದದ್ದೇ ತಡ, ಮೈ ಜುಮ್ಮೆಂದಿತು. ಇವನು ನಮ್ಮ ಚೋಮನಲ್ಲವೇ! ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ದುಡಿ ಬಾರಿಸುತ್ತಲೇ ಪ್ರಾಣಬಿಟ್ಟ ಎಂ.ವಿ. ವಾಸುದೇವರಾವ್. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಎರಡೇ ವರ್ಷದಲ್ಲಿ ಅವರು, ಈ ಚಿತ್ರಕ್ಕೆ ಮೂಲವಾದ ಪ್ರೇಮಚಂದರ ‘ಕಫನ್’ ಕಥೆಯ ಅಪ್ಪನಾದದ್ದನ್ನು ನಾವು ಮರೆತೇಬಿಟ್ಟಿದ್ದೇವೆ.

ಚೋಮ ಉಳುವುದಕ್ಕೊಂದಿಷ್ಟು ನೆಲ ಕೊಡಿ ಎಂದು ಧಣಿಯ ಮುಂದೆ ಕೈಚಾಚಿದವ. ವೆಂಕಯ್ಯ ಗೇಯುವುದೇ ಇಲ್ಲವೆಂದು ಕೂತವ. ಒಂದೇ ಮೈ ಎರಡನ್ನೂ ಹೊತ್ತದ್ದು ಕಂಡ ಮೇಲೆ, ಚೋಮ ಇನ್ನಷ್ಟು ಕಾಲ ಬದುಕಿದ್ದರೆ ವೆಂಕಯ್ಯನೇ ಆಗುತ್ತಿದ್ದ ಅನ್ನಿಸಿತು.

ಮನೆಗೆ ಬಂದವನೇ ‘ಕಫನ್’ ತೆಗೆದು ಕೂತೆ. 1935ರ ಡಿಸೆಂಬರಿನಲ್ಲಿ ಉರ್ದುವಿನ ‘ಜಾಮಿಯಾ’ ಪತ್ರಿಕೆಯಲ್ಲಿ ಮೊದಲು ಬಂದ ಕಥೆ. ಮರುವರ್ಷ ಹಿಂದಿಯಲ್ಲೂ ಬಂತು, ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರೇಮಚಂದ್ ತೀರಿಕೊಂಡರು. ಕಥೆ ನಿಮಗೆ ಗೊತ್ತಿದ್ದದ್ದೇ. ಗುಡಿಸಲೊಳಗೆ ಬುಧಿಯಾ ಹೆರಿಗೆ ನೋವಿನಲ್ಲಿ ಚೀರುತ್ತಿದ್ದಾಳೆ, ಹೊರಗೆ ಗಂಡ ಮಾಧವ, ಮಾವ ಘೀಸೂ ಕದ್ದು ತಂದ ಆಲೂಗಡ್ಡೆ ಸುಡುತ್ತಿದ್ದಾರೆ.

ಈ ಆಲೂಗಡ್ಡೆ ನನ್ನನ್ನು ಬಿಡುತ್ತಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ನೋಡಿ ಬರಲು ಮಾಧವ ಒಲ್ಲ. ಎದ್ದರೆ ಅಪ್ಪ ಹೆಚ್ಚಿನ ಪಾಲು ನುಂಗಿಬಿಟ್ಟಾನು. ಆರಲು ಬಿಡುವ ತಾಳ್ಮೆಯೂ ಇಬ್ಬರಿಗಿಲ್ಲ. ಸಿಪ್ಪೆ ಸುಲಿದಾಗ ಅಷ್ಟೇನೂ ಬಿಸಿ ಅನ್ನಿಸದ ಗಡ್ಡೆ, ಹಲ್ಲು ಊರಿದೊಡನೆ ನಾಲಿಗೆ, ಅಂಗುಳ, ಗಂಟಲು ಎಲ್ಲವನ್ನೂ ಸುಡುತ್ತದೆ. ಉಗುಳುವಂತಿಲ್ಲ, ಗಬಗಬ ನುಂಗಲೇಬೇಕು. ಕಣ್ಣಲ್ಲಿ ನೀರು ಬರುತ್ತದೆ. ಆ ಬೆಂಕಿಯ ಮುಂದೆ ಅವರು ಸುರಿಸಿದ ಕಣ್ಣೀರು ಅಷ್ಟೇ. ಅದರ ನಡುವೆಯೇ ಘೀಸೂಗೆ ಇಪ್ಪತ್ತು ವರ್ಷದ ಹಿಂದೆ ಠಾಕೂರನ ಮನೆಯ ಮದುವೆಯಲ್ಲಿ ಉಂಡ ಪೂರಿ, ಮೊಸರು, ಚಟ್ನಿ ನೆನಪಾಗುತ್ತವೆ. ಹಸಿವಿನ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಕ್ರೂರವಾದ ಪುಟವಿಲ್ಲ.

ಬುಧಿಯಾ ಸತ್ತ ಮೇಲೆ ಶವದ ಬಟ್ಟೆಗೆಂದು ಐದು ರೂಪಾಯಿ ಕೂಡುತ್ತದೆ, ಜಮೀನ್ದಾರನೇ ಎರಡು ಕೊಡುತ್ತಾನೆ. ಅಪ್ಪ, ಮಗ ಅದನ್ನು ಹೆಂಡದಂಗಡಿಯಲ್ಲಿ ಕುಡಿದು, ತಿಂದು ಮುಗಿಸುತ್ತಾರೆ. ಇದೇ ದುಡ್ಡು ಮೊದಲೇ ಸಿಕ್ಕಿದ್ದರೆ ಔಷಧಿಯಾದರೂ ಮಾಡಿಸಬಹುದಿತ್ತು ಅನ್ನುವ ಮಾತು ಅವರ ಬಾಯಲ್ಲೇ ಬರುತ್ತದೆ. ಅದಕ್ಕೆ ಊರಿನ ಬಳಿ ಉತ್ತರವಿಲ್ಲ.

ಘೀಸೂ, ಮಾಧವರ ಮೈಗಳ್ಳತನವನ್ನು ಜಾತಿಯ ಹೆಸರು ಹೇಳಿ ಚಮಾರರ ಮನೆಗೇ ಯಾಕೆ ಅಂಟಿಸಿದಿರಿ ಎಂದು ದಲಿತ ಲೇಖಕರು ಪ್ರೇಮಚಂದರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ನ್ಯಾಯವಾದ ಪ್ರಶ್ನೆ. ಹಗಲಿರುಳು ಗೇಯುವ ರೈತನ ಪಾಡೂ ಇವರಿಗಿಂತ ಮೇಲೇನಲ್ಲ ಎಂದು ಕಥೆಗಾರ ನಡುವೆ ನಿಂತು ಸಮರ್ಥಿಸಿಕೊಳ್ಳುವುದು ನನಗೆ ಸಾಲದು. ಬೀಸಿ, ಹುಲ್ಲು ಕೊಯ್ದು, ಸೇರು ಹಿಟ್ಟು ತಂದು ಇಬ್ಬರ ಹೊಟ್ಟೆಯನ್ನೂ ತುಂಬಿಸುತ್ತಿದ್ದವಳು ಅದೇ ಗುಡಿಸಲ ಬುಧಿಯಾ. ಕಥೆಯಲ್ಲಿ ಅವಳಿಗೆ ಒಂದೇ ಒಂದು ಮಾತಿಲ್ಲ, ಬರೀ ನರಳಾಟ. ಬೆಳಗ್ಗೆ ಬಾಯಿಗೆ ನೊಣ ಮುತ್ತಿದ ಹೆಣವಾಗಿಯೇ ನಮಗೆ ಕಾಣುತ್ತಾಳೆ. ಸೇನ್ ಅವಳನ್ನು ಗುಡಿಸಲಿನಿಂದ ಹೊರಗೆ ಕರೆತಂದರು. ಮಮತಾ ಶಂಕರ್ ಆ ಪಾತ್ರಕ್ಕೆ ಜೀವ ಕೊಟ್ಟಿದ್ದಾರೆ. ಈ ಒಂದು ವಿಷಯದಲ್ಲಿ ನನ್ನ ಮತ ಸಿನಿಮಾಕ್ಕೇ.