ಕುರ್ಚಿ ಕಸಿಯುವ ಊರು ಹುಟ್ಟಿದ್ದು ಹೇಗೆ?

ಹಂಗಳದ ರೈತನಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೆಲಸವಿದ್ದರೆ ಗುಂಡ್ಲುಪೇಟೆ, ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋಗಲೇಬೇಕು. ಅದೇ ಊರಿನತ್ತ 1990ರ ನಂತರ 15ಕ್ಕೂ ಹೆಚ್ಚು ವರ್ಷ ಮುಖ್ಯಮಂತ್ರಿಗಳು ತಲೆಹಾಕಲಿಲ್ಲ. 1997ರಲ್ಲಿ ಹೊಸ ಜಿಲ್ಲೆ ಉದ್ಘಾಟಿಸಿದ ಜೆ.ಎಚ್. ಪಟೇಲರು ಅದನ್ನು ಮಲೆ ಮಹದೇಶ್ವರ ಬೆಟ್ಟದಿಂದಲೇ ಮುಗಿಸಿದರು. ಕಾರಣ ಎಲ್ಲರಿಗೂ ಗೊತ್ತಿತ್ತು: ಪಟ್ಟಣಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ!

ಈ ಭಯಕ್ಕೆ ಆಧಾರ ಒಂದು ಪಟ್ಟಿ. ದೇವರಾಜ ಅರಸು ಬಂದು ಹೋದರು, 1980ರಲ್ಲಿ ಅಧಿಕಾರ ಹೋಯಿತು. ಗುಂಡೂರಾವ್ 1983ರಲ್ಲಿ, ರಾಮಕೃಷ್ಣ ಹೆಗಡೆ 1988ರಲ್ಲಿ, ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ 1990ರಲ್ಲಿ. ಓದುತ್ತಾ ಹೋದರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಆದರೆ ಅರಸರನ್ನು ಕೆಡವಿದ್ದು ಇಂದಿರಾ ಗಾಂಧಿಯವರ ಪುನರಾಗಮನ, ಗುಂಡೂರಾವ್ ಸೋತದ್ದು ಚುನಾವಣೆಯಲ್ಲಿ, ಹೆಗಡೆಯವರಿಗೆ ಮುಳುವಾದದ್ದು ದೂರವಾಣಿ ಕದ್ದಾಲಿಕೆ, ಬೊಮ್ಮಾಯಿ ಸರ್ಕಾರ ವಜಾ ಆಯಿತು, ಪಾಟೀಲರನ್ನು ಹೈಕಮಾಂಡ್ ಇಳಿಸಿತು.

ಪಟ್ಟಿಯಲ್ಲಿ ಸುಳ್ಳಿಲ್ಲ, ಅರ್ಧವೇ ಇಲ್ಲ. ಊರಿಗೆ ಬಾರದವರ ಗತಿಯೇನಾಯಿತೆಂದು ಯಾರೂ ಬರೆದಿಡಲಿಲ್ಲ. ಬಂಗಾರಪ್ಪ ದೂರವೇ ಉಳಿದರು, 1992ರಲ್ಲಿ ಇಳಿದರು. ಧರಂಸಿಂಗ್ 2006ರಲ್ಲಿ ಇಳಿದರು. ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಆ ಕಡೆ ಸುಳಿಯಲಿಲ್ಲ. 2011ರಲ್ಲೂ 2021ರಲ್ಲೂ ರಾಜೀನಾಮೆ ತಪ್ಪಲಿಲ್ಲ. ಐದು ವರ್ಷ ಪೂರೈಸುವುದೇ ಅಪರೂಪವಾದ ರಾಜ್ಯದಲ್ಲಿ ಯಾವ ಊರಿಗೆ ಹೋಗಿ ಬಂದರೂ ಇಂಥದೊಂದು ಪಟ್ಟಿ ಕಟ್ಟಬಹುದು.

ಮನಶ್ಶಾಸ್ತ್ರಜ್ಞ ಪೀಟರ್ ವ್ಯಾಸನ್ 1960ರಲ್ಲಿ 2, 4, 6 ಎಂಬ ಮೂರು ಅಂಕಿ ಕೊಟ್ಟು ಅದರ ಹಿಂದಿನ ನಿಯಮ ಹುಡುಕಲು ಹೇಳಿದ. ಹೆಚ್ಚಿನವರು ತಮ್ಮ ಊಹೆಗೆ ಒಪ್ಪುವ ಅಂಕಿಗಳನ್ನೇ ಮತ್ತೆ ಮತ್ತೆ ಕೊಟ್ಟರು. ಊಹೆ ಸುಳ್ಳಾಗಬಹುದಾದ ಅಂಕಿಗಳನ್ನು ಕೇಳಿ ನೋಡುವುದು ಅವರಿಗೆ ಹೊಳೆಯಲೇ ಇಲ್ಲ. ವಿಧಾನಸೌಧದಲ್ಲಿ ನಡೆದದ್ದೂ ಅದೇ.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಧೈರ್ಯ ಮಾಡಿ ಬಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ಹೋಯಿತು. ‘ನೋಡಿದಿರಾ’ ಎಂದವರು ಅಧಿಕಾರ ಹಂಚಿಕೆಯ 20 ತಿಂಗಳ ಒಪ್ಪಂದ ಮರೆತರು; ಕುಮಾರಸ್ವಾಮಿ ಇಳಿಯಬೇಕಾದ ಕಾಲ ಅಧಿಕಾರ ಹಿಡಿದಾಗಲೇ ನಿಗದಿಯಾಗಿತ್ತು.

ಸಿದ್ದರಾಮಯ್ಯ 2013ರಿಂದ ಹಲವು ಸಲ ಬಂದರು, ಐದು ವರ್ಷ ಪೂರೈಸಿದರು. ನಂಬಿಕೆ ಅಷ್ಟಕ್ಕೇ ಸಾಯಲಿಲ್ಲ. 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತದ್ದನ್ನೇ ಪಟ್ಟಿಗೆ ಸೇರಿಸಿಕೊಂಡವರಿದ್ದಾರೆ. 2023ರಲ್ಲಿ ಸಿದ್ದರಾಮಯ್ಯ ಮತ್ತೆ ಮುಖ್ಯಮಂತ್ರಿಯಾದದ್ದನ್ನು ಯಾವ ಪಟ್ಟಿಗೂ ಸೇರಿಸಲು ಅವರಿಂದ ಆಗಿಲ್ಲ.