ಮಾರ್ಮನ್ ಪ್ರಚಾರಕನ ವಾರ: ಬೋಧನೆ, ಸಾಂತ್ವನ ಮತ್ತು ಪುಣೆಯ ಅನುಭವ

ಕ್ರೈಸ್ತ ಮಿಶನರಿ ಎಂದೊಡನೆ ಕನ್ನಡ ವಾಚಕರ ಕಣ್ಮುಂದೆ ನಿಲ್ಲುವುದು ಬಾಸೆಲ್ ಮಿಶನ್ನಿನ ವಿದ್ವಾಂಸರ ಚಿತ್ರ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಸಂಸ್ಥೆಯವರಲ್ಲಿ ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಕಿಟ್ಟೆಲನ ಶಬ್ದಕೋಶ 1894ರಲ್ಲಿ ಪ್ರಕಟವಾಯಿತು. ಇವರು ಈ ನೆಲದಲ್ಲಿ ದಶಕಗಳನ್ನು ಸವೆಸಿದವರು. ಆದರೆ ಇದಕ್ಕಿಂತ ತೀರ ಭಿನ್ನವಾದ ಮತ್ತೊಂದು ಬಗೆಯ ಪ್ರಚಾರಕನೂ ಉಂಟು. ಈತನು ಶಾಲೆ ಬಿಟ್ಟು ವರ್ಷ ಕಳೆದಿರದ ಹುಡುಗ. ಎರಡು ವರ್ಷ ಪರಸ್ಥಳದಲ್ಲಿ ಮನೆಮನೆಗೆ ನಡೆದು, ಬಳಿಕ ಊರಿಗೆ ಹಿಂತಿರುಗಿ ತನ್ನ ವಿದ್ಯಾಭ್ಯಾಸವನ್ನೋ ಉದ್ಯೋಗವನ್ನೋ ಮುಂದುವರಿಸುತ್ತಾನೆ. ಮಾರ್ಮನ್ ಪಂಥದ ಈ ಪ್ರಚಾರಕನ ವಾರ ಹೇಗೆ ಕಳೆಯುತ್ತದೆ, ಪುಣೆಗೂ ಆ ಪಂಥಕ್ಕೂ ಇರುವ ಹಳೆಯ ನಂಟು ಯಾವುದು, ಬೋಧಿಸುವ ಕೆಲಸಕ್ಕೂ ಸಂತೈಸುವ ಕೆಲಸಕ್ಕೂ ನಡುವೆ ಇರುವ ತೊಡಕೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪಂಥವು 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬ ತರುಣನಿಂದ ಸ್ಥಾಪಿತವಾಯಿತು. ಅದೇ ವರ್ಷ ಅಚ್ಚಾದ ‘ಮಾರ್ಮನ್ನನ ಗ್ರಂಥ’ದಿಂದ ಅನುಯಾಯಿಗಳಿಗೆ ಮಾರ್ಮನರೆಂಬ ಹೆಸರು ರೂಢಿಗೆ ಬಂದಿತು. ‘ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬರ್ಥದ ಪೂರ್ಣನಾಮವನ್ನೇ ಬಳಸಬೇಕೆಂದು 2018ರಲ್ಲಿ ಅದರ ಅಧ್ಯಕ್ಷರು ಕೋರಿದರೂ ಹಳೆಯ ಹೆಸರು ಇತಿಹಾಸದ ಬರಹಗಳಲ್ಲಿ ಉಳಿದಿದೆ. ಸ್ಥಳೀಯ ಸಭೆಗಳಲ್ಲಿ ಸಂಬಳದ ಪಾದ್ರಿಗಳಿಲ್ಲ. ಒಕ್ಕಲಿಗನೋ ಅಂಗಡಿಕಾರನೋ ಆದ ಸದಸ್ಯನೇ ಸಭೆಯ ಹೊಣೆ ಹೊರುವನು. ಪ್ರಚಾರಕಾರ್ಯವೂ ಇದೇ ನ್ಯಾಯದಿಂದ ತರುಣರ ಪಾಲಿಗೆ ಬಂದಿದೆ. 2012ರಲ್ಲಿ ಯುವಕರಿಗೆ 18, ಯುವತಿಯರಿಗೆ 19 ವರ್ಷಗಳ ಕನಿಷ್ಠ ವಯಸ್ಸು ಗೊತ್ತಾಯಿತು. ಯುವಕರ ಸೇವೆ 24 ತಿಂಗಳು, ಯುವತಿಯರದು 18 ತಿಂಗಳು. ಇದಕ್ಕೆ ವೇತನವಿಲ್ಲ, ಸಾಮಾನ್ಯವಾಗಿ ವೆಚ್ಚವನ್ನು ಪ್ರಚಾರಕನ ಉಳಿತಾಯದಿಂದಲೋ ಮನೆಯವರ ನೆರವಿನಿಂದಲೋ ಭರಿಸಬೇಕು. ಹದಿನೆಂಟರ ಈ ಹುಡುಗನನ್ನು ‘ಎಲ್ಡರ್’, ಎಂದರೆ ‘ಹಿರಿಯ’ ಎಂದು ಕರೆಯುವುದು ಅಲ್ಲಿಯ ಪದ್ಧತಿ. ಮೀಸೆ ಮೂಡುವ ಮುನ್ನವೇ ದೊರೆತ ಈ ಹಿರಿತನದ ಭಾರವನ್ನು ಬಲ್ಲವರಿಗೆ ಆತನ ವಾರದ ಕಷ್ಟ ಸುಲಭವಾಗಿ ಅರ್ಥವಾಗುತ್ತದೆ.

ಪ್ರಚಾರಕನು ಒಬ್ಬನೇ ಓಡಾಡುವಂತಿಲ್ಲ. ಜೊತೆಗೊಬ್ಬ ಸಹಚರನು ಸದಾ ಇರಬೇಕು. ಬೆಳಗ್ಗೆ ಆರೂವರೆಗೆ ಎದ್ದು, ಧರ್ಮಗ್ರಂಥದ ವ್ಯಾಸಂಗ, ಆಮೇಲೆ ಪರಭಾಷೆಯಾದರೆ ಭಾಷಾಭ್ಯಾಸ, ಅನಂತರ ಭೇಟಿಗಳು, ರಾತ್ರಿ ಹತ್ತೂವರೆಗೆ ನಿದ್ರೆ—ಇದು ಬಹುಕಾಲದಿಂದ ನಡೆದುಬಂದ ದಿನಚರಿ. ಭಾನುವಾರ ಸಭೆಯಲ್ಲಿ ರೊಟ್ಟಿ ಮತ್ತು ನೀರಿನ ಸಂಸ್ಕಾರ. ಈ ಪಂಥದಲ್ಲಿ ದ್ರಾಕ್ಷಾರಸವಿಲ್ಲ. ವಾರದಲ್ಲೊಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಕಾಗದ ಬರೆಯಲು ಬಿಡುವು. ಮದ್ಯ, ಹೊಗೆಸೊಪ್ಪುಗಳಂತೆಯೇ ಚಹವೂ ಕಾಫಿಯೂ ಇವರಿಗೆ ವರ್ಜ್ಯ. ಬಂದವನ ಮುಂದೆ ಮೊದಲು ಚಹದ ಬಟ್ಟಲನ್ನಿಡುವ ನಮ್ಮ ಜನರ ಮನೆಯಲ್ಲಿ, ಅದನ್ನು ಮನೆಯವರಿಗೆ ನೋವಾಗದಂತೆ ನಿರಾಕರಿಸುವುದೇ ಆತನ ಮೊದಲ ಪಾಠವೆನ್ನಬಹುದು.

ಮನೆಗೆ ಬರೆಯುವ ವಾರದ ಕಾಗದವು ಈ ಸೇವೆಯ ಒಂದು ವಿಶಿಷ್ಟ ಅಂಗ. ಮನೆಯವರೊಡನೆ ದೂರವಾಣಿಯ ಮಾತು ಬಹುಕಾಲ ವರ್ಷಕ್ಕೆ ಎರಡು ಬಾರಿಗಷ್ಟೇ ಸೀಮಿತವಾಗಿತ್ತು. 2019ರಲ್ಲಿ ವಾರಕ್ಕೊಮ್ಮೆ ಮಾತನಾಡಲು ಅನುಮತಿ ದೊರೆಯಿತು. ಆದುದರಿಂದ ಕಾಗದವೇ ಆ ಹಿಂದೆ ಮನೆಗೂ ಮಗನಿಗೂ ಇದ್ದ ಸೇತುವೆ. ಇಂತಹ ಕಾಗದಗಳಲ್ಲಿ ಮತಾಂತರದ ಲೆಕ್ಕಕ್ಕಿಂತ ದಿನದಿನದ ಸಂಗತಿಗಳೇ ಇತಿಹಾಸಕಾರನಿಗೆ ಬೆಲೆಯುಳ್ಳವು: ಯಾರು ಬಾಗಿಲು ತೆರೆದರು, ಯಾರ ಮನೆಯಲ್ಲಿ ಕಾಯಿಲೆ, ಯಾವ ಮುದುಕಿ ಒಬ್ಬಳೇ ಇದ್ದಾಳೆ ಎಂಬಂಥವು. ಒಂದು ಎಚ್ಚರ ಮಾತ್ರ ಅಗತ್ಯ. ಕಾಗದವು ತಾಯಿತಂದೆಗಳ ಸಮಾಧಾನಕ್ಕಾಗಿ ಬರೆದುದು; ಅದರಲ್ಲಿ ಬರೆದವನ ದುಃಖವೂ ಆತಿಥೇಯರ ಅಸಮ್ಮತಿಯೂ ಮರೆಯಾಗಿರುವ ಸಂಭವ ಹೆಚ್ಚು.

ಪುಣೆಗೆ ಈ ಪಂಥವು ಹೊಸತಲ್ಲ. 1851ರಲ್ಲಿ ಕಲ್ಕತ್ತೆಯಲ್ಲಿ ಅದರ ಕೆಲಸ ಮೊದಲಾಯಿತು. 1852ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನವನಾದ ಹ್ಯೂ ಫಿಂಡ್ಲೆ ಎಂಬಾತನು ಮುಂಬಯಿಗೆ ಬಂದು, ಅನಂತರ ಪುಣೆಯನ್ನು ತನ್ನ ಕಾರ್ಯಕ್ಷೇತ್ರ ಮಾಡಿಕೊಂಡನು. ದಂಡಿನ ಪ್ರದೇಶದಲ್ಲಿ ನೆಲೆಸಲು ಸೇನಾಧಿಕಾರಿಗಳು ಅನುಮತಿ ಕೊಡಲಿಲ್ಲ. ಆತನು ಊರಿನ ಜನರ ನಡುವೆ ಮನೆ ಹಿಡಿದು, ಮರಾಠಿಯನ್ನು ಕಲಿಯತೊಡಗಿದನು. 1853ರಲ್ಲಿ ಚಿಕ್ಕದೊಂದು ಶಾಖೆಯನ್ನೂ ಕಟ್ಟಿದನು. ಆದರೆ ಈ ಪ್ರಯತ್ನ ಬಹುದಿನ ಬಾಳಲಿಲ್ಲ. 1856ರ ವೇಳೆಗೆ ಹಿಂದೂಸ್ಥಾನಕ್ಕೆ ಬಂದಿದ್ದ ಮಾರ್ಮನ್ ಪ್ರಚಾರಕರೆಲ್ಲರೂ ಹಿಂತಿರುಗಿದ್ದರು.

ಈ ವೈಫಲ್ಯಕ್ಕೆ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಸೈನಿಕರೂ ಯುರೇಷ್ಯನರೂ ಹೆಚ್ಚು. ಪಲ್ಟಣಿ ವರ್ಗವಾದೊಡನೆ ಕೇಳುಗರೂ ಚದರಿದರು. ಎರಡನೆಯದಾಗಿ, 1852ರ ಆಗಸ್ಟಿನಲ್ಲಿ ಪಂಥವು ಬಹುಪತ್ನೀತ್ವವನ್ನು ಬಹಿರಂಗವಾಗಿ ಸಾರಿತು. ಇತರ ಪಾದ್ರಿಗಳಿಗೂ ಪತ್ರಿಕೆಗಳಿಗೂ ಇದರಿಂದ ಹರಿತವಾದ ಆಯುಧವೊಂದು ಸಿಕ್ಕಿತು. ಆ ಪದ್ಧತಿಯನ್ನು ಕೈಬಿಡುವ ಘೋಷಣೆ ಹೊರಟುದು 1890ರಲ್ಲಿ. ಮೂರನೆಯದಾಗಿ, ನಂಬಿದವರೆಲ್ಲ ಅಮೆರಿಕದ ಯೂಟಾ ಪ್ರಾಂತಕ್ಕೆ ಹೋಗಿ ಒಂದುಗೂಡಬೇಕೆಂಬುದು ಆಗಿನ ಬೋಧನೆ. ಇಲ್ಲಿ ಬೇರೂರಬೇಕಾದ ಸಸಿಯನ್ನು ಕಿತ್ತು ದೂರದೇಶಕ್ಕೆ ಒಯ್ಯುವ ಈ ಕ್ರಮದಿಂದ ಸ್ಥಳೀಯ ಸಭೆಯು ಬೆಳೆಯುವಂತೆಯೇ ಇರಲಿಲ್ಲ.

ಇಲ್ಲಿ ಒಂದು ಹೋಲಿಕೆ ಬೋಧಪ್ರದವಾಗಿದೆ. ಫಿಂಡ್ಲೆಯು ಪುಣೆಯಲ್ಲಿ ಶಾಖೆ ಕಟ್ಟಿದ 1853ರಲ್ಲಿಯೇ ಇಪ್ಪತ್ತೊಂದು ವರ್ಷದ ಕಿಟ್ಟೆಲನು ಕನ್ನಡ ನಾಡಿಗೆ ಬಂದನು. ಪುಣೆಯೂ ಧಾರವಾಡವೂ ಆಗ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದುವು. ಒಬ್ಬನ ಕಾರ್ಯ ಮೂರು ವರ್ಷಗಳಲ್ಲಿ ಅಳಿಸಿಹೋಯಿತು. ಮತ್ತೊಬ್ಬನ ಕೋಶ ಇಂದಿಗೂ ಕನ್ನಡಿಗರ ಮೇಜಿನ ಮೇಲಿದೆ. ಇಬ್ಬರ ಶ್ರದ್ಧೆಯಲ್ಲಿ ಅಂತರವಿತ್ತೆನ್ನಲಾಗದು. ಅಂತರವಿದ್ದುದು ಕಾಲಾವಧಿಯಲ್ಲಿ ಮತ್ತು ಭಾಷೆಯಲ್ಲಿ. ಈ ಪಾಠವನ್ನು ಪಂಥವೂ ಅರಿತಂತೆ ಕಾಣುತ್ತದೆ: 1961ರಲ್ಲಿ ಯೂಟಾದ ಪ್ರೋವೊ ನಗರದಲ್ಲಿ ಪ್ರಚಾರಕರಿಗೆ ಭಾಷೆ ಕಲಿಸುವ ವ್ಯವಸ್ಥೆ ಆರಂಭವಾಯಿತು. 1993ರಲ್ಲಿ ಭಾರತದ ಮಿಶನ್ನಿಗೆ ಬೆಂಗಳೂರು ಕೇಂದ್ರವಾಯಿತು; ಆ ನಗರದಲ್ಲಿ ಮಂದಿರವೊಂದನ್ನು ಕಟ್ಟುವ ಘೋಷಣೆ 2018ರಲ್ಲಿ ಹೊರಟು, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿ ನಡೆಯಿತು.

ಭಾಷೆಯ ಪ್ರಶ್ನೆ ಎಷ್ಟು ಸೂಕ್ಷ್ಮವೆಂಬುದನ್ನು ಬಿಬವೇವಾಡಿಯಂತಹ ಬಡಾವಣೆಯನ್ನು ಎದುರಿಗಿಟ್ಟುಕೊಂಡು ವಿಚಾರಿಸಬಹುದು. ಪುಣೆಯ ದಕ್ಷಿಣಭಾಗದ ಈ ಹಿಂದಿನ ಹಳ್ಳಿ ಇಂದು ನಗರದಲ್ಲಿ ಬೆರೆತುಹೋಗಿದೆ. ಹತ್ತಿರದ ಗುಲ್ಟೇಕಡಿಯಲ್ಲಿ ಧಾನ್ಯ ತರಕಾರಿಗಳ ದೊಡ್ಡ ಪೇಟೆ. ಬಡಾವಣೆಯೊಳಗೆ ಕಾರ್ಮಿಕರ ವಿಮಾ ಆಸ್ಪತ್ರೆ. ಮರಾಠಿಯೊಡನೆ ಗುಜರಾತಿ, ಮಾರವಾಡಿ, ಹಿಂದಿಗಳ ಜೊತೆಗೆ, ಗಡಿಜಿಲ್ಲೆಗಳಿಂದ ದುಡಿಮೆಗೆ ಬಂದವರ ಕನ್ನಡವೂ ಪುಣೆಯ ಇಂತಹ ಭಾಗಗಳಲ್ಲಿ ಕಿವಿಗೆ ಬೀಳುತ್ತದೆ. ಪೇಟೆಯ ವ್ಯವಹಾರ ಮುರುಕು ಹಿಂದಿಯಿಂದ ಸಾಗುತ್ತದೆ. ಆಸ್ಪತ್ರೆಯ ಹೊರಗೆ ಕುಳಿತವರ ದುಃಖ ತಾಯ್ನುಡಿಯಲ್ಲಲ್ಲದೆ ಹೊರಬರದು.

ಸಾವಿನ ಮನೆಗೆ ಹೋಗುವುದನ್ನು ಕನ್ನಡಿಗರು ‘ಮಾತಾಡಿಸಿ ಬರುವುದು’ ಎನ್ನುತ್ತಾರೆ. ಹೋದವರು ಹೆಚ್ಚು ಮಾತಾಡುವುದಿಲ್ಲ. ‘ಋಣ ಇಷ್ಟೇ ಇತ್ತು’ ಎಂದು ನಿಟ್ಟುಸಿರಿಡುತ್ತಾರೆ. ಋಣ ತೀರಿತೆಂಬುದೇ ಅಲ್ಲಿಯ ಸಮಾಧಾನ. ಮಾರ್ಮನರ ಸಾಂತ್ವನವಾದರೋ ಇದಕ್ಕೆ ವಿಪರೀತವಾದುದು: ಮಂದಿರದ ಸಂಸ್ಕಾರ ಪಡೆದ ಕುಟುಂಬದ ಬಂಧ ಮರಣದಿಂದ ಕಡಿಯುವುದಿಲ್ಲ, ಗಂಡಹೆಂಡಿರೂ ಮಕ್ಕಳೂ ಮತ್ತೆ ಕೂಡುವರು ಎಂಬುದು ಅವರ ನಂಬಿಕೆ. ಬಂಧ ಮುಗಿಯಿತೆಂಬುದರಲ್ಲಿ ಶಾಂತಿ ಕಾಣುವವರಿಗೆ, ಬಂಧ ಮುಗಿಯದೆಂಬ ಮಾತು ಅಭಯವೂ ಆಗಬಹುದು, ಆತಂಕವೂ ಆಗಬಹುದು. ಮಾತನ್ನು ತಿಳಿದರೆ ಸಾಲದು. ಮಾತಿನ ಹಿಂದಿನ ಬಾಳನ್ನು ತಿಳಿದಿರಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇನ್ನೊಂದು ತೊಡಕು ನೀತಿಗೆ ಸಂಬಂಧಿಸಿದುದು. ದುಃಖದಲ್ಲಿರುವವನ ಮನಸ್ಸು ಹಸಿಮಣ್ಣಿನಂತೆ. ಒತ್ತಿದ ಮುದ್ರೆ ಅಚ್ಚಳಿಯದೆ ನಿಲ್ಲುತ್ತದೆ. ಸಂತೈಸಲು ಬಂದವನು ಆ ಗಳಿಗೆಯಲ್ಲಿಯೇ ತನ್ನ ಮತವನ್ನೂ ಬೋಧಿಸುವುದು ಯುಕ್ತವೇ? ಭಾರತ ಸಂವಿಧಾನದ 25ನೆಯ ವಿಧಿಯು ಧರ್ಮಪ್ರಚಾರದ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಪರರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೆ ಇದು ಕಾನೂನಿನಿಂದ ಮಾತ್ರ ಇತ್ಯರ್ಥವಾಗತಕ್ಕ ವಿಷಯವಲ್ಲ. ಸಾವಿನ ಮನೆಯಲ್ಲಿ ಗರುಡಪುರಾಣವನ್ನು ಓದುವವನೂ ಬೋಧಕನೇ. ಆದರೆ ಆತನು ಕೇಳುಗರು ಮೊದಲೇ ನಂಬಿದುದನ್ನು ನೆನಪಿಗೆ ತರುತ್ತಾನೆ. ಹೊರಗಿನಿಂದ ಬಂದವನು ಹೊಸದನ್ನು ಹೇಳುತ್ತಾನಾದ್ದರಿಂದ, ದುಃಖಿಯು ತಾನಾಗಿ ಕೇಳುವವರೆಗೆ ಕಾಯುವ ಸಂಯಮ ಆತನಿಗೆ ಇಮ್ಮಡಿ ಅಗತ್ಯ.

ಈ ಸಂಯಮಕ್ಕೆ ಕಾಲಾವಕಾಶ ಬೇಕು. ಎರಡೇ ವರ್ಷದ ಅವಧಿ, ಅದರಲ್ಲಿಯೂ ನಡುನಡುವೆ ಸ್ಥಳವೂ ಸಹಚರನೂ ಬದಲಾಗುವ ವ್ಯವಸ್ಥೆ—ಇವುಗಳಲ್ಲಿ ತರುಣನಿಗೆ ದೊರೆಯುವುದು ಜನರ ಪರಿಚಯವೇ ಹೊರತು ಬಾಳಿನ ಒಡನಾಟವಲ್ಲ. ಆದರೂ ಹದಿನೆಂಟರ ವಯಸ್ಸಿನಲ್ಲಿ ಪರರ ಮನೆಯ ಕಾಯಿಲೆ ಕಷ್ಟಗಳ ಬಳಿ ಕುಳಿತು, ಹೇಳಲು ಮಾತಿಲ್ಲದೆ ಸುಮ್ಮನಿರಬೇಕಾಗಿ ಬಂದ ಅನುಭವ ಕಡಮೆಯದಲ್ಲ. ಬೋಧಿಸಲು ಹೊರಟವನು ಕೇಳಲು ಕಲಿತು ಹಿಂತಿರುಗಿದರೆ, ಆ ವಾರಗಳು ವ್ಯರ್ಥವಾದುವೆಂದು ಯಾವ ಮತದವರೂ ಹೇಳಲಾರರು.